ಶಕ್ತಿಯ ಲೆಕ್ಕದಲ್ಲಿ ಆತ್ಮದ ಖಾತೆ ಇಲ್ಲ

1818ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ ಬಿಯರ್ ತಯಾರಕರ ಮನೆಯೊಂದರಲ್ಲಿ ಭೌತವಿಜ್ಞಾನಿ ಜೇಮ್ಸ್ ಜೂಲ್ ಹುಟ್ಟಿದರು. ಮರುವರ್ಷ, ಇಂದಿನ ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ, ಇಮಾಮ ಸಾಹೇಬ ಮತ್ತು ಹಜ್ಜೂಮಾ ಅವರ ಮಗನಾಗಿ ಶರೀಫರು ಹುಟ್ಟಿದರು. ಇಬ್ಬರೂ ತೀರಿಕೊಂಡದ್ದು ಒಂದೇ ವರ್ಷ, 1889ರಲ್ಲಿ. ಒಬ್ಬರ ಹೆಸರು ಇನ್ನೊಬ್ಬರ ಕಿವಿಗೆ ಬಿದ್ದಿರಲಾರದು. ಆದರೂ ಇಬ್ಬರ ಊರುಗಳ ನಡುವೆ ಹತ್ತಿಯ ನಂಟಿತ್ತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861–65) ಮ್ಯಾಂಚೆಸ್ಟರ್ ಸುತ್ತಿನ ಗಿರಣಿಗಳು ಹತ್ತಿಯಿಲ್ಲದೆ ಕಂಗೆಟ್ಟಾಗ ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಮುಂದೆ ಹುಬ್ಬಳ್ಳಿಯಲ್ಲೇ ನೂಲಿನ ಗಿರಣಿ ಎದ್ದಿತು. ಶರೀಫರು ಆ ಗಿರಣಿಯ ಮೇಲೊಂದು ತತ್ವಪದ ಕಟ್ಟಿದರು.

ನೀರು, ಬೆಂಕಿ, ಗಾಳಿ ಒಂದಾಗಿ ಯಂತ್ರವನ್ನು ತಿರುಗಿಸುವ ಬೆರಗು ಆ ಪದದಲ್ಲಿದೆ. ಕೆಲಕಾಲ ಸಾಲಿ ಮಾಸ್ತರರಾಗಿದ್ದ ಶರೀಫರಿಗೆ ತೋರಿಸಿ ಹೇಳುವ ಕಲೆ ಗೊತ್ತಿತ್ತು. ಸೌದೆ ಅಥವಾ ಕಲ್ಲಿದ್ದಲು ಉರಿಯುತ್ತದೆ, ಬಿಸಿ ನೀರಿಗೆ ಹೋಗುತ್ತದೆ, ಉಗಿ ಚಕ್ರವನ್ನು ತಳ್ಳುತ್ತದೆ, ಚಕ್ರ ನೂಲು ತೆಗೆಯುತ್ತದೆ. ಇಂದಿನ ಪಠ್ಯದ ಮಾತಿನಲ್ಲಿ ಇದು ರಾಸಾಯನಿಕ ಶಕ್ತಿ ಉಷ್ಣವಾಗಿ, ಉಷ್ಣ ಚಲನೆಯಾಗಿ ಬದಲಾಗುವ ಪಾಠ. ತತ್ವಪದಕ್ಕೆ ಮಾತ್ರ ಅಷ್ಟರಲ್ಲಿ ತೃಪ್ತಿಯಿಲ್ಲ. ಅದು ಹೊರಗಿನ ಯಂತ್ರವನ್ನು ತೋರಿಸುತ್ತಲೇ ಕೇಳುವವರನ್ನು ಒಳಮುಖವಾಗಿ ತಿರುಗಿಸುತ್ತದೆ.

ತೊಡಕು ಹುಟ್ಟುವುದು ಈ ತಿರುವಿನಲ್ಲೇ. ಶಕ್ತಿಯನ್ನು ಸೃಷ್ಟಿಸಲೂ ಆಗದು, ನಾಶಮಾಡಲೂ ಆಗದು, ಅದು ರೂಪ ಬದಲಿಸುತ್ತದೆ ಅಷ್ಟೆ ಎಂದು ಪ್ರೌಢಶಾಲೆಯ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಹುಟ್ಟು ಸಾವಿಲ್ಲದ, ದೇಹ ಬದಲಿಸುವ ಆತ್ಮದ ಮಾತನ್ನು ಅದೇ ಮಕ್ಕಳು ಮನೆಯಲ್ಲಿ, ಮಠದಲ್ಲಿ ಕೇಳಿರುತ್ತಾರೆ. ಎರಡೂ ಒಂದೇ ಅಲ್ಲವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ‘ಹೌದು, ನಮ್ಮ ಹಿರಿಯರು ಹೇಳಿದ್ದನ್ನೇ ವಿಜ್ಞಾನ ಈಗ ಒಪ್ಪಿದೆ’ ಎಂದು ಬೀಗುವ ಉಪನ್ಯಾಸಕರಿಗೂ ಬರವಿಲ್ಲ. ಈ ಸುಲಭದ ಹೌದು ವಿಜ್ಞಾನಕ್ಕೂ ನ್ಯಾಯವಲ್ಲ, ಧರ್ಮಕ್ಕೂ ನ್ಯಾಯವಲ್ಲ.

ಹಾಗೆಂದು ಧರ್ಮಕ್ಕೂ ಈ ನಿಯಮಕ್ಕೂ ಸಂಬಂಧವೇ ಇರಲಿಲ್ಲ ಎನ್ನುವಂತಿಲ್ಲ. ಈ ನಿಯಮವನ್ನು ನೆಲೆಗೊಳಿಸಿದವರಲ್ಲಿ ಒಬ್ಬರಾದ ಜೂಲ್ ದೈವಭಕ್ತರು. 1847ರ ಏಪ್ರಿಲಿನಲ್ಲಿ ಮ್ಯಾಂಚೆಸ್ಟರಿನ ಸೇಂಟ್ ಆನ್ ಚರ್ಚಿನ ವಾಚನಾಲಯದಲ್ಲಿ ಉಪನ್ಯಾಸ ಕೊಟ್ಟಾಗ, ದೇವರು ವಸ್ತುವಿಗೆ ಕೊಟ್ಟ ಬಲ ಇಲ್ಲವಾಗುತ್ತದೆ ಎಂದು ಭಾವಿಸುವುದೇ ಅಸಂಗತ ಎಂದು ಅವರು ವಾದಿಸಿದರು. ಆದರೆ ಆ ನಂಬಿಕೆಯನ್ನೇ ಪುರಾವೆಯಾಗಿ ಮುಂದಿಡಲಿಲ್ಲ. ತೂಕದ ಬಟ್ಟು ಕೆಳಗಿಳಿಯುತ್ತ ನೀರಿನೊಳಗಿನ ರೆಕ್ಕೆಗಳನ್ನು ತಿರುಗಿಸುವಂತೆ ಮಾಡಿ, ನೀರು ಎಷ್ಟು ಬಿಸಿಯಾಯಿತೆಂದು ವರ್ಷಗಟ್ಟಲೆ ಅಳೆದರು. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಕಿಲೋ ನೀರು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾಗಲು ಒಂದು ಕಿಲೋ ತೂಕ ಸುಮಾರು 427 ಮೀಟರ್ ಇಳಿಯಬೇಕು. ಜೋಗದಲ್ಲಿ 253 ಮೀಟರ್ ಧುಮುಕುವ ನೀರಿನ ಚಲನೆಯೆಲ್ಲ ನೀರಿನಲ್ಲೇ ಬಿಸಿಯಾಗಿ ಉಳಿದರೂ ಏರುವುದು ಅರ್ಧ ಡಿಗ್ರಿಗಿಂತ ತುಸು ಹೆಚ್ಚು.

ಅಳತೆ ಬಿಟ್ಟು ಹೆಸರಷ್ಟೇ ಹೇಳಿಕೊಟ್ಟರೆ ಏನಾಗುತ್ತದೆ? ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1966ರಲ್ಲಿ ಅಮೆರಿಕದ ವಿಜ್ಞಾನ ಶಿಕ್ಷಕರ ಎದುರು ಒಂದು ಪಠ್ಯಪುಸ್ತಕವನ್ನು ಟೀಕಿಸಿದರು. ಕೀಲಿ ಕೊಡುವ ಆಟಿಕೆ ನಾಯಿ, ನಿಜದ ನಾಯಿ, ಮೋಟಾರ್ ಸೈಕಲ್, ಇವನ್ನು ಚಲಿಸುವಂತೆ ಮಾಡುವುದು ಯಾವುದು ಎಂದು ಕೇಳಿ, ಎಲ್ಲಕ್ಕೂ ಶಕ್ತಿ ಎಂಬ ಒಂದೇ ಉತ್ತರವನ್ನು ಅದು ಕೊಟ್ಟಿತ್ತು. ಆ ಜಾಗದಲ್ಲಿ ದೇವರು ಎಂದು ಬರೆದರೂ ಮಗು ಕಲಿಯುವುದು ಅಷ್ಟೇ ಎಂಬುದು ಫೈನ್‌ಮನ್ನರ ಆಕ್ಷೇಪ.

ಶರೀಫರ ಸೀಮೆಯಲ್ಲಿ ಇದನ್ನು ಕಲಿಸಲು ಕೀಲಿಯ ಆಟಿಕೆ ಹುಡುಕಬೇಕಾಗಿಲ್ಲ. ದೀಪಾವಳಿ ಮುಗಿಯುತ್ತಲೇ ಹಾನಗಲ್ಲ, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಹಬ್ಬ. ಕೊರಳಲ್ಲಿ ಕೊಬ್ಬರಿ ಸರ, ಕೊಂಬಿಗೆ ಬಲೂನು ಕಟ್ಟಿದ ಹೋರಿ ಜನರ ನಡುವೆ ನುಗ್ಗುತ್ತದೆ. ತಿಂಗಳುಗಟ್ಟಲೆ ತಿಂದ ಹುರುಳಿ, ಹತ್ತಿಕಾಳು, ಮೇವು ಆ ಓಟದಲ್ಲಿದೆ. ಮೇವಿನಲ್ಲಿದ್ದದ್ದು ಬಿಸಿಲು. ಸ್ನಾಯುವಿಗೆ ಸಿಕ್ಕ ಶಕ್ತಿಯಲ್ಲಿ ಓಟವಾಗುವುದು ಹೆಚ್ಚೆಂದರೆ ಕಾಲುಭಾಗ, ಉಳಿದದ್ದು ಬಿಸಿ. ನಿಂತ ಹೋರಿಯ ಮೈ ಮುಟ್ಟಿದರೆ ತಿಳಿಯುತ್ತದೆ. ಹಿಟ್ಟಿನ ಗಿರಣಿಯಿಂದ ಬಿಸಿಬಿಸಿ ಜೋಳದ ಹಿಟ್ಟು ಹೊತ್ತು ತಂದ ಮಗುವಿಗೂ ಇದು ಗೊತ್ತು. ವಿದ್ಯುತ್ತೆಲ್ಲ ಬೀಸುವುದಕ್ಕೇ ಹೋಗಿದ್ದರೆ ಹಿಟ್ಟು ಸುಡುತ್ತಿರಲಿಲ್ಲ.

ಸವಣೂರಿನ ಮಠದ ಆವರಣದಲ್ಲಿ ದೊಡ್ಡಹುಣಸೆ ಎಂದು ಜನ ಕರೆಯುವ, ಆಫ್ರಿಕ ಮೂಲದ ಬಾವೊಬಾಬ್ ಮರಗಳಿವೆ. ಆ ಭಾರೀ ಕಾಂಡ ಎಲ್ಲಿಂದ ಬಂತೆಂದು ಕೇಳಿದರೆ ಮಕ್ಕಳು ಮಣ್ಣಿನಿಂದ ಎನ್ನುತ್ತಾರೆ. ಬೆಲ್ಜಿಯಂ ಸೀಮೆಯ ವಾನ್ ಹೆಲ್ಮಾಂಟ್ 17ನೇ ಶತಮಾನದಲ್ಲಿ ಕುಂಡದಲ್ಲಿ ವಿಲೋ ಗಿಡ ನೆಟ್ಟು ಐದು ವರ್ಷ ಬರೀ ನೀರೆರೆದು ತೂಗಿದರು. ಮರ 164 ಪೌಂಡ್ ಹೆಚ್ಚಿತ್ತು, ಮಣ್ಣು ಕಳೆದುಕೊಂಡದ್ದು ಸುಮಾರು ಎರಡು ಔನ್ಸ್. ಎಲ್ಲ ನೀರಿನಿಂದಲೇ ಬಂತೆಂದು ಅವರು ತೀರ್ಮಾನಿಸಿದರು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ನೀರಿನೊಡನೆ ಬೆಸೆಯುವ ಬಿಸಿಲಿನ ಕೆಲಸ ಆಮೇಲೆ ತಿಳಿಯಿತು.

ಇಷ್ಟು ಕಲಿತ ಮೇಲೆ ಮಗು ಸಾವಿನ ಪ್ರಶ್ನೆ ಕೇಳಲಿ. ಸತ್ತ ದೇಹದ ಬಿಸಿ ಸುತ್ತಲಿನ ಗಾಳಿಗೆ ಸೇರುತ್ತದೆ. ಮಾಂಸದಲ್ಲಿ ಉಳಿದ ರಾಸಾಯನಿಕ ಶಕ್ತಿ ಹೂತರೆ ಮಣ್ಣಿನ ಜೀವಿಗಳಿಗೆ, ಸುಟ್ಟರೆ ಬೆಂಕಿಗೆ. ಜಮಾ-ಖರ್ಚು ಸರಿಹೋಗುತ್ತದೆ; ಆತ್ಮದ ಹೆಸರಿನಲ್ಲಿ ತೋರಿಸಬೇಕಾದ ಬಾಕಿ ಉಳಿಯುವುದಿಲ್ಲ. ಇದರಿಂದ ಆತ್ಮವಿಲ್ಲವೆಂದು ಸಾಬೀತಾಗಲಿಲ್ಲ. ಈ ಲೆಕ್ಕದಲ್ಲಿ ಅದರ ಖಾತೆಯನ್ನೇ ತೆರೆದಿರಲಿಲ್ಲ, ಅಷ್ಟೆ.

ಇನ್ನೂ ದೊಡ್ಡ ಅಂತರ ಬೇರೆಯಿದೆ. ರಾಗಿಯಿಂದ ಬಂದ ಒಂದು ಜೂಲ್ ಶಕ್ತಿಗೂ ಕಲ್ಲಿದ್ದಲಿನಿಂದ ಬಂದ ಒಂದು ಜೂಲ್‌ಗೂ ವ್ಯತ್ಯಾಸವಿಲ್ಲ. ಎಲ್ಲಿಂದ ಬಂತು, ಯಾರು ದುಡಿದರು ಎಂಬ ನೆನಪು ಅದಕ್ಕಿಲ್ಲ. ಕರ್ಮಸಿದ್ಧಾಂತಕ್ಕೆ ಆ ನೆನಪೇ ಜೀವಾಳ: ಮಾಡಿದವರು ಯಾರೋ ಉಣ್ಣುವವರೂ ಅವರೇ. ಹೆಸರಿಲ್ಲದ ಶಕ್ತಿಯನ್ನು ಆತ್ಮವೆಂದರೆ ಪುನರ್ಜನ್ಮದ ನಂಬಿಕೆಯೇ ಬಡವಾಗುತ್ತದೆ.

ಶಿಗ್ಗಾವಿ ತಾಲ್ಲೂಕಿನ ಬಾಡದವರಾದ ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಇಲ್ಲಿ ನೆನೆಯಬಹುದು. ಅಕ್ಕಿಗೂ ರಾಗಿಗೂ ಯಾರು ಮೇಲೆಂಬ ಜಗಳ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ, ಕೆಡದೆ ಉಳಿದ ರಾಗಿ ಗೆಲ್ಲುತ್ತದೆ. ಶಕ್ತಿಯ ಲೆಕ್ಕ ತೆಗೆದರೆ ನೂರು ಗ್ರಾಂ ಅಕ್ಕಿ, ನೂರು ಗ್ರಾಂ ರಾಗಿ ಎರಡೂ ಹೆಚ್ಚುಕಡಿಮೆ 320ರಿಂದ 360 ಕಿಲೋಕ್ಯಾಲೊರಿಯೊಳಗೇ. ಕನಕರ ಪ್ರಶ್ನೆ ಘನತೆಯದು, ಬಡವರ ಅನ್ನದ ಮಾನದ್ದು. ಅದನ್ನು ಯಾವ ಕ್ಯಾಲೊರಿಮೀಟರೂ ತೀರ್ಮಾನಿಸದು.

ನಂಬಿಕೆಗೆ ಕಣ್ಣಿಗೆ ಕಾಣುವ ಪುರಾವೆ ಬೇಕೆಂಬ ಹಟ ಹೊಸದಲ್ಲ. ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಶಾಸನದಲ್ಲಿ ಏಕಾಂತದ ರಾಮಯ್ಯ ಜೈನರೊಡನೆ ಪಣ ಕಟ್ಟಿ, ತಲೆ ಕತ್ತರಿಸಿ ಶಿವನಿಗೊಪ್ಪಿಸಿ ಮತ್ತೆ ಪಡೆದ ಕಥೆಯಿದೆ. ಇಂದು ಅದೇ ಪಣಕ್ಕೆ ಭೌತವಿಜ್ಞಾನದ ನಿಯಮವನ್ನು ಇಡುವವರಿದ್ದಾರೆ. ನಾಳೆ ನಿಯಮದ ಮಾತು ತಿದ್ದುಪಡಿಯಾದರೆ ಅವರ ದೇವರೂ ತಿದ್ದುಪಡಿಯಾಗಬೇಕಾಗುತ್ತದೆ.

ಮಾಸ್ತರರಿಗೆ ಕೇಳಿಕೊಳ್ಳುವುದು ಇಷ್ಟೆ. ವಿಜ್ಞಾನದ ಅವಧಿಯಲ್ಲಿ ಯಾವುದು ಯಾವುದಾಯಿತು, ಎಷ್ಟಾಯಿತು, ಎಷ್ಟು ಬಿಸಿಯಾಗಿ ಹೋಯಿತು ಎಂಬುದನ್ನು ಪೂರ್ತಿ ಕೇಳಿ, ಪೂರ್ತಿ ಹೇಳಿ. ಆತ್ಮದ ಪ್ರಶ್ನೆ ಎತ್ತಿದ ಮಗುವನ್ನು ಗದರಿಸಬೇಡಿ. ಆ ಪ್ರಶ್ನೆಗೆ ಕನ್ನಡದ ಅವಧಿಯಲ್ಲಿ ಕನಕರನ್ನೂ ಶರೀಫರನ್ನೂ ಓದಿಸಿ. ಜೂಲ್‌ರನ್ನು ಮಾತ್ರ ಸಾಕ್ಷಿ ಹೇಳಲು ಕರೆಯಬೇಡಿ.