ಮೊದಲು ಕಾಪು, ಆಮೇಲೆ ತೀರ್ಪು

2004ರಿಂದ ಪಣಜಿಯಲ್ಲಿ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ನಡೆಯುತ್ತ ಬಂದಿದೆ. ಹೊಸ ಚಿತ್ರಗಳ ನಡುವೆ ನಮ್ಮ ದೇಶದ ಹಳೆಯ ಚಿತ್ರಗಳಿಗೂ ಅಲ್ಲಿ ಮನ್ನಣೆಯುಂಟು. ಫೋಂಡಾದ ನಮ್ಮ ತರಗತಿಯಲ್ಲಿ ಆ ಮಾತು ತೆಗೆದಾಗ ಬಾಲಕನೊಬ್ಬನು, "ಸರ್, ಹಳೇದನ್ನ ಯಾಕ ನೋಡಬೇಕ್ರಿ?" ಎಂದು ಕೇಳಿದನು. ಒಡನೆ ಉತ್ತರ ಹೊಳೆಯಲಿಲ್ಲ.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'. ವೈ. ವಿ. ರಾವ್ ಅವರ ನಿರ್ದೇಶನದಲ್ಲಿ ಕೊಲ್ಲಾಪುರದಲ್ಲಿ ತಯಾರಾಗಿ, 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಸುಬ್ಬಯ್ಯನಾಯ್ಡು ಇಂದ್ರಜಿತನಾದರು, ಆರ್. ನಾಗೇಂದ್ರರಾಯರು ರಾವಣನಾದರು, ತ್ರಿಪುರಾಂಬ ಸುಲೋಚನೆಯಾದರು. ಇಷ್ಟನ್ನು ಬಲ್ಲೆವು; ಆದರೆ ಚಿತ್ರವೇ ಉಳಿದಿಲ್ಲ. ಅಂದಿನ ಫಿಲ್ಮು ಬೇಗ ಬೆಂಕಿ ಹಿಡಿಯುವಂಥದು. ಅದರೊಳಗಿನ ಬೆಳ್ಳಿಯ ಆಸೆಗೆ ಹಳೆಯ ಸುರುಳಿಗಳನ್ನು ಕರಗಿಸಿದ್ದೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪಿತವಾದದ್ದು 1964ರಲ್ಲಿ, ಅಂದರೆ ಮೂವತ್ತು ವರ್ಷಗಳ ತರುವಾಯ.

ಸಹಗಮನ ಮಾಡಿದ ಸತಿಯ ಕಥೆ ಇಂದಿನ ಮಕ್ಕಳಿಗೇಕೆ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಾಪಾಡುವುದು ಬೇರೆ, ಒಪ್ಪುವುದು ಬೇರೆ. 1970ರ 'ಸಂಸ್ಕಾರ' ಚಿತ್ರಕ್ಕೆ ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ಅನುಮತಿ ನಿರಾಕರಿಸಿತು. ಮುಂದೆ ಅದೇ ಚಿತ್ರ ರಾಷ್ಟ್ರದ ಅತ್ಯುತ್ತಮ ಕಥಾಚಿತ್ರವೆಂಬ ಪ್ರಶಸ್ತಿ ಪಡೆಯಿತು. ನಿರಾಕರಿಸಿದ ದಿನವೇ ಸುಟ್ಟುಬಿಟ್ಟಿದ್ದರೆ, ತಪ್ಪನ್ನು ತಿದ್ದಿಕೊಳ್ಳಲು ಏನು ಉಳಿಯುತ್ತಿತ್ತು?

ನಾನೂ ನಿರ್ದೋಷಿಯಲ್ಲ. ಒಮ್ಮೆ ಶಾಲೆಯ ಕಪಾಟು ಶುಚಿಮಾಡುವಾಗ ಮಕ್ಕಳ ಹಳೆಯ ಕೈಬರಹದ ಪತ್ರಿಕೆಗಳನ್ನು ರದ್ದಿಗೆ ಹಾಕಿದೆನು. ಕಾಗುಣಿತ ತಪ್ಪಿದ ಬರಹ ಯಾರಿಗೆ ಬೇಕೆಂದುಕೊಂಡೆನು. ಮರುವರ್ಷ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗಳ ಕೈಹಿಡಿದು ಬಂದಳು. ತಾನು ಚಿಕ್ಕಂದಿನಲ್ಲಿ ಬರೆದ ಕಥೆಯನ್ನು ಮಗಳಿಗೆ ತೋರಿಸಬೇಕೆಂದಳು. ನಾನು ತಲೆತಗ್ಗಿಸಿದೆನು. ಬೆಳ್ಳಿಗಾಗಿ ಫಿಲ್ಮು ಕರಗಿಸಿದವರಿಗೆ ಕಾಸಾದರೂ ದೊರೆತಿತ್ತು. ನನಗೆ ದೊರೆತದ್ದು ಒಂದು ಖಾಲಿ ಕಪಾಟು ಮಾತ್ರ.

ಆ ಬಾಲಕನಿಗೆ ಈಗ ಹೀಗೆ ಹೇಳಿಯೇನು: ಹಳೆಯದೆಲ್ಲ ಒಳ್ಳೆಯದೆಂದು ನೋಡಬೇಕಾಗಿಲ್ಲ, ಮಗು. ಒಳ್ಳೆಯದೋ ಅಲ್ಲವೋ ಎಂಬುದನ್ನು ನೀನೇ ಅರಿಯಲೆಂದು ನೋಡಬೇಕು. ತೀರ್ಪು ಕೊಡುವ ಹಕ್ಕು ಪ್ರತಿಯೊಂದು ತಲೆಮಾರಿಗೂ ಉಂಟು. ಮುಂದಿನವರ ಪಾಲಿನ ಸಾಕ್ಷಿಯನ್ನು ಅಳಿಸುವ ಹಕ್ಕು ಮಾತ್ರ ಯಾರಿಗೂ ಇಲ್ಲ.