ಕೊನೆಯ ಆಟಗಾರನ ಕೂಲಿ

1891ರ ಮೇ ತಿಂಗಳಲ್ಲಿ ಪೋಪ್ ಹದಿಮೂರನೆಯ ಲಿಯೋ ಅವರು 'ರೇರುಮ್ ನೊವಾರುಮ್' ಎಂಬ ಬೋಧನಾಪತ್ರವನ್ನು ಇಡೀ ಕೆಥೊಲಿಕ್ ಸಭೆಗೆ ಬರೆದು, ಧಣಿಯೂ ದುಡಿಮೆಗಾರನೂ ಒಪ್ಪಿಕೊಂಡ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲವೆಂದು ಸಾರಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ವೈಎಂಸಿಎ ತರಬೇತಿ ಶಾಲೆಯಲ್ಲಿ, ದೇವತಾಶಾಸ್ತ್ರ ಓದಿದ್ದ ಜೇಮ್ಸ್ ನೈಸ್ಮಿತ್ ಅವರು ಬಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದರು. ಅಂದು ಈ ಎರಡಕ್ಕೂ ಯಾವ ನಂಟೂ ಇರಲಿಲ್ಲ; ಆಟವೇ ಸಂಬಳದ ದುಡಿಮೆಯಾಗಿರುವ ಇಂದು ಲಿಯೋ ಅವರ ಪ್ರಶ್ನೆ ಅಂಗಳದೊಳಕ್ಕೇ ಬಂದು ನಿಂತಿದೆ.

ಅಮೆರಿಕದ ಕಾಲೇಜು ಕ್ರೀಡೆಗಳನ್ನು ಆಳುವ ಎನ್‌ಸಿಎಎ ಸಂಸ್ಥೆಯು ಹವ್ಯಾಸಿ ಆಟದ ಹೆಸರಿನಲ್ಲಿ ಬಹುಕಾಲ ಸಂಬಳವನ್ನು ನಿಷೇಧಿಸಿತ್ತು. 2021ರ ಜುಲೈಯಲ್ಲಿ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಯಿಂದ ಹಣ ಗಳಿಸಲು ಅದು ಅನುಮತಿ ನೀಡಿತು. 2025ರ ಜೂನ್ 6ರಂದು ಆಟಗಾರರ ಮೊಕದ್ದಮೆಯಲ್ಲಿ ನ್ಯಾಯಾಲಯವು ಒಪ್ಪಿದ ರಾಜಿಯ ಪ್ರಕಾರ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದಾಗಿದ್ದು, ಮೊದಲ ವರ್ಷ ಒಂದು ವಿಶ್ವವಿದ್ಯಾಲಯದ ಎಲ್ಲ ಕ್ರೀಡೆಗಳಿಗೂ ಸೇರಿ ಸುಮಾರು 2.05 ಕೋಟಿ ಡಾಲರುಗಳ ಮಿತಿ ಹಾಕಲಾಯಿತು. ಬಾಸ್ಕೆಟ್‌ಬಾಲ್ ತಂಡದಲ್ಲಿ ಹದಿನೈದು ಮಂದಿ ಇರಬಹುದು.

ಈ ಹಣವನ್ನು ವಿವೇಕದಿಂದ ಹಂಚುವುದೆಂದರೇನು? ಹದಿಮೂರನೆಯ ಶತಮಾನದ ದಾರ್ಶನಿಕ ಥಾಮಸ್ ಅಕ್ವಿನಾಸ್ ಅವರಿಗೆ ವಿವೇಕವೆಂದರೆ ಮಿತವ್ಯಯವಲ್ಲ. ಒಳ್ಳೆಯ ಗುರಿಗೆ ತಕ್ಕ ದಾರಿಯನ್ನು ಆರಿಸಿಕೊಳ್ಳುವ ಸದ್ಗುಣ. ವಿವೇಕದ ವೇಷ ಹಾಕಿದ ಕುಯುಕ್ತಿಯನ್ನು, ಅಂದರೆ ಸಲ್ಲದ ಉಪಾಯಗಳಿಂದ ಗುರಿ ಮುಟ್ಟುವ ಜಾಣತನವನ್ನು, ಅವರು ಪಾಪಗಳ ಸಾಲಿಗೆ ಸೇರಿಸುತ್ತಾರೆ. ಹದಿನೆಂಟರ ಹುಡುಗನಿಗೆ ಕರಾರಿನ ಷರತ್ತುಗಳು ತಿಳಿಯವೆಂಬುದನ್ನೇ ನೆಚ್ಚಿ ಅಗ್ಗಕ್ಕೆ ಸಹಿ ಹಾಕಿಸಿಕೊಳ್ಳುವ ತಂಡವು ಆಯವ್ಯಯದಲ್ಲಿ ಎಷ್ಟೇ ಉಳಿಸಿದರೂ ಅದು ವಿವೇಕವಲ್ಲ, ಕುಯುಕ್ತಿಯೇ.

ಲಕ್ಷಾಂತರ ಡಾಲರ್ ಪಡೆಯುವ ತಾರೆಯನ್ನು ಲಿಯೋ ಅವರ ಕಾಲದ ಕಾರ್ಖಾನೆಯ ಕೂಲಿಯಾಳಿಗೆ ಹೋಲಿಸುವುದು ಅತಿಯೆಂಬ ಆಕ್ಷೇಪ ಸರಿಯಾದುದೇ. ತಾರೆಯ ಬೆಲೆಯನ್ನು ಪೈಪೋಟಿ ನೋಡಿಕೊಳ್ಳುತ್ತದೆ; ಆದರೆ ದಿನವೂ ಅಷ್ಟೇ ಹೊತ್ತು ಅಭ್ಯಾಸ ಮಾಡಿ, ಅಷ್ಟೇ ಪ್ರಯಾಣ ಮಾಡಿ, ಪಂದ್ಯದಲ್ಲಿ ಬೆಂಚಿನ ಮೇಲೆ ಕೂರುವ ಹದಿನೈದನೆಯವನ ಪರ ಪೈಪೋಟಿಗೆ ಯಾರೂ ಬರುವುದಿಲ್ಲ. ಒಪ್ಪಂದಕ್ಕಿಂತ ಹಳೆಯದಾದ ನ್ಯಾಯವೊಂದಿದೆ ಎಂದು ಲಿಯೋ ಅವರು ಹೇಳಿದ್ದು ಇಂಥವನಿಗಾಗಿ, ಚೌಕಾಸಿಯ ಶಕ್ತಿಯಿಲ್ಲದವನಿಗಾಗಿ. ಆದುದರಿಂದ ಆಯವ್ಯಯದ ಕ್ರಮವೇ ಇಲ್ಲಿ ನೀತಿಯ ಪ್ರಶ್ನೆಯಾಗುತ್ತದೆ: ತಾರೆಗೆ ಕೊಟ್ಟು ಮಿಕ್ಕಿದ್ದನ್ನು ಉಳಿದವರಿಗೆ ಹಂಚುವುದು ಸರಿಯಲ್ಲ. ಎಲ್ಲರಿಗೂ ಸಲ್ಲಬೇಕಾದ ಕನಿಷ್ಠ ಮೊತ್ತ, ಗಾಯಗೊಂಡವನ ಚಿಕಿತ್ಸೆ, ಆಟ ಮುಗಿದರೂ ಓದು ಮುಗಿಯದವನ ಶುಲ್ಕ ಇವುಗಳನ್ನು ಮೊದಲು ತೆಗೆದಿರಿಸಿ, ಉಳಿದುದರಿಂದ ತಾರೆಯನ್ನು ಕರೆಯಬೇಕು. ಹೀಗೆ ಮಾಡಿದರೆ ಕೆಲವು ಪಂದ್ಯಗಳು ಕೈತಪ್ಪಬಹುದು, ಆ ನಷ್ಟವನ್ನು ಮುಚ್ಚಿಡಬೇಕಾಗಿಲ್ಲ.

ಈ ಮಾತು ವಿಲ್ಲನೋವಾ, ಜಾರ್ಜ್‌ಟೌನ್, ಮಾರ್ಕೆಟ್‌ನಂಥ ಕೆಥೊಲಿಕ್ ವಿಶ್ವವಿದ್ಯಾಲಯಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಅಲ್ಲಿ ಬಾಸ್ಕೆಟ್‌ಬಾಲ್ ಆಟವೇ ಮುಖ್ಯ ಕ್ರೀಡೆ, ಲಿಯೋ ಅವರ ಪತ್ರವು ಅವುಗಳ ಸ್ವಂತ ಪರಂಪರೆ. ರಾಜಿಗೆ ಒಪ್ಪಿಗೆ ಸಿಗುವುದಕ್ಕೆ ತಿಂಗಳಿನಷ್ಟು ಮುಂಚೆ, 2025ರ ಮೇ 8ರಂದು ಚುನಾಯಿತರಾದ ಹೊಸ ಪೋಪರು ಹದಿಮೂರನೆಯ ಲಿಯೋ ಅವರನ್ನು ನೆನೆದು ಹದಿನಾಲ್ಕನೆಯ ಲಿಯೋ ಎಂಬ ಹೆಸರನ್ನು ಆರಿಸಿಕೊಂಡರು. ಅವರು 1977ರಲ್ಲಿ ವಿಲ್ಲನೋವಾದಲ್ಲೇ ಗಣಿತದ ಪದವಿ ಪಡೆದವರು.