ಉಪಕರಣ, ಪರಿಗ್ರಹ ಮತ್ತು ಸೈಕಲ್ಲಿನ ಹ್ಯಾಂಡಲ್

ಮನುಷ್ಯನು ಕೈಯಲ್ಲಿ ಹಿಡಿದ ವಸ್ತು ಯಾವಾಗ ಅವನ ಕೆಲಸಕ್ಕೆ ಒದಗುತ್ತದೆ, ಯಾವಾಗ ಅವನನ್ನೇ ತನ್ನ ಕಡೆಗೆ ಎಳೆದುಕೊಳ್ಳುತ್ತದೆ ಎಂಬುದು ಭಾರತೀಯ ದರ್ಶನಗಳು, ಅವುಗಳಲ್ಲಿಯೂ ವಿಶೇಷವಾಗಿ ಜೈನ ದರ್ಶನ, ಬಹು ಗಂಭೀರವಾಗಿ ಚರ್ಚಿಸಿದ ಪ್ರಶ್ನೆಯಾಗಿದೆ. ಹಾಸನ ಜಿಲ್ಲೆಯಲ್ಲಿ ಈ ಪ್ರಶ್ನೆ ಗ್ರಂಥಗಳಲ್ಲಿ ಮಾತ್ರ ಉಳಿದುಕೊಂಡಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಇಂದಿಗೂ ಕಾಲ್ನಡಿಗೆಯಲ್ಲಿ ಬಂದು ಸೇರುವ ದಿಗಂಬರ ಮುನಿಗಳ ದಿನಚರಿಯಲ್ಲಿ ಅದಕ್ಕೆ ಕಣ್ಣಿಗೆ ಕಾಣುವ ಉತ್ತರವಿದೆ. ಅದೇ ಜಿಲ್ಲೆಯಲ್ಲಿ, ಹಾಸನದಿಂದ ಬೇಲೂರಿನ ದಾರಿ ಹಿಡಿದು ದೊಡ್ಡಗದ್ದವಳ್ಳಿಯ ಕಡೆಗೆ ತಿರುಗುವ ಸೈಕಲ್ ಸವಾರನಿಗೆ ಆ ಪ್ರಶ್ನೆ ಸಣ್ಣ ರೂಪದಲ್ಲಿ ಎದುರಾಗುತ್ತದೆ: ಕ್ರಮಿಸಿದ ದೂರ, ವೇಗ, ಏರಿದ ಎತ್ತರ, ಮುಂದಿನ ತಿರುವು ಇವನ್ನು ತಿಳಿಯಲು ಅದಕ್ಕೆಂದೇ ತಯಾರಾದ ಸೈಕ್ಲಿಂಗ್ ಕಂಪ್ಯೂಟರ್ ಕೊಳ್ಳಬೇಕೇ, ಇಲ್ಲವೇ ಜೇಬಿನಲ್ಲಿ ಹೇಗೂ ಇರುವ ಸ್ಮಾರ್ಟ್‌ಫೋನಿಗೆ ಒಂದು ಆ್ಯಪ್ ಹಾಕಿಕೊಂಡರೆ ಸಾಕೇ? ಇದನ್ನು ಬೆಲೆ ಮತ್ತು ಅನುಕೂಲದ ಲೆಕ್ಕವೆಂದು ಬದಿಗಿಡುವವರೇ ಹೆಚ್ಚು; ಆದರೆ ಗಮನವನ್ನು ಯಾವುದಕ್ಕೆ ಒಪ್ಪಿಸಬೇಕೆಂಬ ವಿಚಾರ ಅದರೊಳಗೆ ಅಡಗಿರುವುದರಿಂದ ಅದು ಧರ್ಮದ ಪ್ರಶ್ನೆಯೂ ಹೌದು.

ಮೊದಲು ಯಂತ್ರಗಳ ಸ್ವರೂಪವನ್ನು ಸಂಕ್ಷೇಪವಾಗಿ ನೋಡಬಹುದು. ಸೈಕ್ಲಿಂಗ್ ಕಂಪ್ಯೂಟರ್ ಅಂಗೈಗಿಂತ ಚಿಕ್ಕದಾದ, ಹ್ಯಾಂಡಲ್ ಮೇಲೆ ಕೂರುವ ಸಾಧನ. ಅದರ ಪರದೆ ಸಾಮಾನ್ಯವಾಗಿ ಬಿಸಿಲಿನ ಬೆಳಕನ್ನೇ ಬಳಸಿಕೊಂಡು ಸ್ಪಷ್ಟವಾಗುವಂಥದು, ಅನೇಕ ಮಾದರಿಗಳಲ್ಲಿ ಒತ್ತುವ ಗುಂಡಿಗಳಿರುವುದರಿಂದ ಬೆವರಿದ ಅಥವಾ ಮಳೆಯಲ್ಲಿ ನೆನೆದ ಬೆರಳಿಗೂ ಅದು ಮಣಿಯುತ್ತದೆ, ಮತ್ತು ಒಮ್ಮೆ ಚಾರ್ಜ್ ಮಾಡಿದರೆ ದಿನವಿಡೀ ನಡೆಯುತ್ತದೆ. ಫೋನಿನ ಪರದೆ ದೊಡ್ಡದು, ನಕ್ಷೆ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಪರದೆಯನ್ನು ಸತತವಾಗಿ ಬೆಳಗಿಸಿಟ್ಟರೆ ಬ್ಯಾಟರಿ ಕೆಲವೇ ಗಂಟೆಗಳಲ್ಲಿ ಇಳಿದುಹೋಗುತ್ತದೆ. 200 ಕಿ.ಮೀ. ದೂರವನ್ನು 13 ಗಂಟೆ 30 ನಿಮಿಷದೊಳಗೆ ಮುಗಿಸಬೇಕಾದ ಬ್ರೆವೆ ಸವಾರಿಗಳಲ್ಲಿ, ಅಂದರೆ ಸ್ಪರ್ಧೆಯಿಲ್ಲದೆ ಕಾಲಮಿತಿಯಷ್ಟೇ ಇರುವ ದೂರಸವಾರಿಗಳಲ್ಲಿ, ಈ ವ್ಯತ್ಯಾಸ ಸಣ್ಣದಲ್ಲ. ಮೋಟಾರ್‌ಬೈಕಿನ ಎಂಜಿನ್ನಿನಂಥ ಪ್ರಬಲ ಕಂಪನಕ್ಕೆ ಒಡ್ಡಿದರೆ ಫೋನಿನ ಕ್ಯಾಮೆರಾ ಕೆಡಬಹುದೆಂದು ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ಸೈಕಲ್ಲಿನ ಅದುರು ಅಷ್ಟು ತೀವ್ರವಲ್ಲದಿದ್ದರೂ ಗುಂಡಿಬಿದ್ದ ರಸ್ತೆಯ ಸವಾರ ಅದನ್ನು ನೆನಪಿನಲ್ಲಿಡುವುದು ಒಳಿತು. ಸ್ಥಾನವನ್ನು ಗುರುತಿಸುವ ವಿಧಾನದಲ್ಲಿ ಎರಡಕ್ಕೂ ಮೂಲಭೂತ ಭೇದವಿಲ್ಲ: ಎರಡೂ ಕನಿಷ್ಠ ನಾಲ್ಕು ಉಪಗ್ರಹಗಳಿಂದ ಬರುವ ಸಂಕೇತಗಳನ್ನು ಹೋಲಿಸಿ ತಾವಿರುವ ಜಾಗವನ್ನು ಲೆಕ್ಕ ಹಾಕುತ್ತವೆ. ಭಾರತದ ಸ್ವಂತ ಪಥದರ್ಶಕ ವ್ಯವಸ್ಥೆಯಾದ ನಾವಿಕ್‌ನ ಉಪಗ್ರಹಗಳ ನಿಯಂತ್ರಣದಲ್ಲಿ ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋ ಮುಖ್ಯ ನಿಯಂತ್ರಣ ಕೇಂದ್ರಕ್ಕೆ ಪಾಲಿದೆಯೆಂಬುದನ್ನು, ತನ್ನ ದಾರಿಯನ್ನು ತಾನೊಬ್ಬನೇ ಕಂಡುಕೊಂಡೆನೆಂದು ಭಾವಿಸುವ ಈ ಭಾಗದ ಸವಾರ ತಿಳಿದಿರಬೇಕು.

ಇನ್ನು ಮೂಲ ವಿಚಾರಕ್ಕೆ ಬಂದರೆ, ಸಕಲವನ್ನೂ ತ್ಯಜಿಸಿದ ದಿಗಂಬರ ಮುನಿಯೂ ಮೂರು ವಸ್ತುಗಳನ್ನು ಇಟ್ಟುಕೊಳ್ಳಬಹುದೆಂದು ಜೈನ ಆಚಾರಶಾಸ್ತ್ರ ಒಪ್ಪುತ್ತದೆ. ನವಿಲುಗರಿಯ ಪಿಂಛಿ, ನೀರಿನ ಕಮಂಡಲು ಮತ್ತು ಶಾಸ್ತ್ರಗ್ರಂಥ ಇವೇ ಆ ಮೂರು; ಕ್ರಮವಾಗಿ ಇವು ಸಂಯಮಕ್ಕೆ, ಶೌಚಕ್ಕೆ, ಜ್ಞಾನಕ್ಕೆ ಉಪಕರಣಗಳು. ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದೇ ಪ್ರಯೋಜನವಿದೆ ಮತ್ತು ಆ ಪ್ರಯೋಜನಕ್ಕೆ ಬೇಕಾದಷ್ಟೇ ಗುಣವಿದೆ. ಕುಳಿತುಕೊಳ್ಳುವ ಜಾಗದಲ್ಲಿರುವ ಸೂಕ್ಷ್ಮ ಜೀವಿಗಳಿಗೆ ನೋವಾಗದಂತೆ ಅವನ್ನು ಸರಿಸಲು ಇರುವ ಪಿಂಛಿಯನ್ನು ವಿವರಿಸುವಾಗ ವಟ್ಟಕೇರರ ಮೂಲಾಚಾರ ಅದರ ಐದು ಗುಣಗಳನ್ನು ಎಣಿಸುತ್ತದೆ: ಅದು ಧೂಳನ್ನು ಹಿಡಿಯುವುದಿಲ್ಲ, ಬೆವರನ್ನು ಹೀರುವುದಿಲ್ಲ, ಮೃದುವಾಗಿದೆ, ನಯವಾಗಿದೆ, ಹಗುರವಾಗಿದೆ. ಕಮಂಡಲುವಿಗೆ ನೀರು ತುಂಬಲು ಅಗಲವಾದ ಬಾಯಿ, ನೀರು ಬಿಡಲು ಕಿರಿದಾದ ಕೊಳವೆ. ಅದರೊಳಗಿನದು ಕೈಕಾಲು ಶುದ್ಧಿಗೆ ಬೇಕಾದ ನೀರೇ ಹೊರತು ಕುಡಿಯುವ ನೀರಲ್ಲ. ಬಾಯಾರಿದಾಗ ಎದುರಿಗೇ ಇರುವ ಪಾತ್ರೆಯಿಂದಲೂ ಕುಡಿಯದಿರುವುದು ಹೊರಗಿನವರಿಗೆ ಅತಿಯೆನಿಸಬಹುದು, ಆದರೆ ಒಂದು ವಸ್ತುವಿಗೆ ಒಂದು ಕೆಲಸ ಎಂಬ ಗೆರೆಯನ್ನು ದಾಟಲು ಬಿಟ್ಟರೆ ಉಪಕರಣದ ಹೆಸರಿನಲ್ಲಿ ಸಂಸಾರವೆಲ್ಲ ಒಳಗೆ ಬರಬಹುದೆಂಬ ಎಚ್ಚರ ಅದರ ಹಿಂದಿದೆ.

ಈ ದೃಷ್ಟಿಯಿಂದ ನೋಡಿದರೆ ಸೈಕ್ಲಿಂಗ್ ಕಂಪ್ಯೂಟರ್ ಉಪಕರಣಕ್ಕೆ ಹತ್ತಿರದ್ದು. ಸವಾರಿ ಮುಗಿದೊಡನೆ ಅದರ ಕೆಲಸವೂ ಮುಗಿಯುತ್ತದೆ, ಸೈಕಲ್ಲಿನಿಂದ ಇಳಿದವನನ್ನು ಅದು ಹಾಸಿಗೆಯವರೆಗೂ ಹಿಂಬಾಲಿಸುವುದಿಲ್ಲ. ಫೋನ್ ಹಾಗಲ್ಲ. ದೂರ ತೋರಿಸುತ್ತಿರುವ ಅದೇ ಪರದೆಯ ಮೇಲೆ ಬ್ಯಾಂಕಿನ ಸಂದೇಶ, ನೆಂಟರ ಕರೆ, ಕಚೇರಿಯ ಪತ್ರ, ಯಾರದೋ ಜಗಳ ಎಲ್ಲವೂ ಸರದಿಯಿಲ್ಲದೆ ಬಂದು ನಿಲ್ಲುತ್ತವೆ. ಹಾಗಿದ್ದರೂ ಇಷ್ಟರಿಂದಲೇ ತೀರ್ಪು ಕೊಡಲು ಬರುವುದಿಲ್ಲ, ಏಕೆಂದರೆ ಜೈನ ದರ್ಶನ ಪರಿಗ್ರಹವನ್ನು ವಸ್ತುಗಳ ಎಣಿಕೆಯಿಂದ ನಿರ್ಣಯಿಸುವುದಿಲ್ಲ. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರ ತನ್ನ ಏಳನೆಯ ಅಧ್ಯಾಯದಲ್ಲಿ ಪರಿಗ್ರಹವೆಂದರೆ ಮೂರ್ಛೆ ಎನ್ನುತ್ತದೆ. ಇಲ್ಲಿ ಮೂರ್ಛೆಯೆಂದರೆ ಪ್ರಜ್ಞೆ ತಪ್ಪುವುದಲ್ಲ, ವಸ್ತುವಿನಲ್ಲಿ ‘ಇದು ನನ್ನದು’ ಎಂಬ ಭಾವ ನೆಲೆಗೊಂಡು ಬುದ್ಧಿ ಮಂಕಾಗುವುದು. ಈ ಲಕ್ಷಣದ ಪ್ರಕಾರ ಏನೂ ಇಲ್ಲದವನೂ ಆಸೆಯ ಬಲದಿಂದ ಪರಿಗ್ರಹಿಯಾಗಬಹುದು, ಪಿಂಛಿಯ ಮೇಲೆ ಮೋಹ ಹುಟ್ಟಿದರೆ ಪಿಂಛಿಯೂ ಪರಿಗ್ರಹವಾಗಬಹುದು.

ಹೀಗಾಗಿ ಅದೇ ತತ್ತ್ವ ಫೋನೇ ಸಾಕೆಂಬ ಎರಡನೆಯ ವಾದಕ್ಕೂ ಬಲ ಕೊಡುತ್ತದೆ. ಗೃಹಸ್ಥನಾದ ಶ್ರಾವಕನಿಗೆ ಜೈನಧರ್ಮ ವಿಧಿಸುವ ಐದನೆಯ ಅಣುವ್ರತ ಪರಿಗ್ರಹ ಪರಿಮಾಣ, ಅಂದರೆ ತನಗೆ ಇಷ್ಟು ಸಾಕೆಂದು ಮೊದಲೇ ಮಿತಿ ಹಾಕಿಕೊಳ್ಳುವುದು. ಸಮಂತಭದ್ರರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಇಚ್ಛೆಗೇ ಹಾಕುವ ಮಿತಿಯೆಂದು ಕರೆದಿದ್ದಾರೆ. ಈ ವ್ರತವನ್ನು ಕೆಡಿಸುವ ಐದು ದೋಷಗಳಲ್ಲಿ ಅತಿಸಂಗ್ರಹದ ಜೊತೆಗೆ ವಿಸ್ಮಯವನ್ನೂ, ಎಂದರೆ ಇನ್ನೊಬ್ಬರ ಸಂಪತ್ತನ್ನು ಕಂಡು ಮನಸ್ಸು ಬೆರಗಾಗಿ ಕಲಕುವುದನ್ನೂ, ಅವರು ಸೇರಿಸಿರುವುದು ಬಹಳ ಸೂಕ್ಷ್ಮವಾದ ಅವಲೋಕನ. ಜೇಬಿನಲ್ಲಿರುವ ಫೋನ್ ಸಾಕಷ್ಟು ಕೆಲಸ ಮಾಡುತ್ತಿರುವಾಗ, ಜೊತೆಗಾರನ ಹ್ಯಾಂಡಲ್ ಮೇಲಿನ ಹೊಸ ಸಾಧನವನ್ನು ಕಂಡು ಸಾವಿರಾರು ರೂಪಾಯಿ ತೆತ್ತು ಇನ್ನೊಂದನ್ನು ತರುವವನು ಏಕಾಗ್ರತೆಯ ಹೆಸರಿನಲ್ಲಿ ವಿಸ್ಮಯಕ್ಕೆ ಒಳಗಾಗಿರಬಹುದು. ಅಲ್ಲದೆ ಕಂಪ್ಯೂಟರ್ ಕೊಂಡವನೂ ಫೋನನ್ನು ಮನೆಯಲ್ಲಿ ಬಿಡುವುದಿಲ್ಲ. ಅಪಘಾತವಾದರೆ, ಚೈನ್ ತುಂಡಾದರೆ ಕರೆ ಮಾಡಲು ಅದು ಬೇಕೇ ಬೇಕು.

ಅನೇಕವು ಒಂದೆಡೆ ಕೂಡುವುದೇ ದೋಷವೆನ್ನುವುದಕ್ಕೂ ಆಧಾರವಿಲ್ಲವೆಂದು ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯ ತೋರಿಸಿಕೊಡುತ್ತದೆ. ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ, ಸುಮಾರು 1114ರಲ್ಲಿ, ವರ್ತಕ ಕುಲ್ಲಹಣ ರಾಹುತ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ ಈ ದೇವಾಲಯ ಚತುಷ್ಕೂಟ, ಅಂದರೆ ನಾಲ್ಕು ಗರ್ಭಗೃಹಗಳು ಒಂದೇ ಕಟ್ಟಡದಲ್ಲಿ ಕೂಡಿರುವಂಥದು. ಹೊಯ್ಸಳ ವಾಸ್ತುವಿನಲ್ಲಿ ಇದು ಬಹು ಅಪರೂಪ. ಲಕ್ಷ್ಮಿ, ಕಾಳಿ, ಶಿವ ಮೊದಲಾದವರಿಗೆ ಇಲ್ಲಿ ಕಂಬದ ಮಂಟಪ ಸಮಾನವಾದರೂ ಗರ್ಭಗೃಹ ಬೇರೆ, ಹೊಸ್ತಿಲು ಬೇರೆ. ಕಾಳಿಯ ಗುಡಿಯ ಬಾಗಿಲಿನ ಎರಡೂ ಬದಿಗೆ ಎಲುಬಿನ ಹಂದರವೇ ಮೈಯಾಗಿರುವ, ಪಕ್ಕೆಲುಬುಗಳನ್ನು ಎಣಿಸಬಹುದಾದ ಬೇತಾಳಗಳು ನಿಂತಿವೆ. ಲಕ್ಷ್ಮಿಯ ಸನ್ನಿಧಿಯಿಂದ ಈ ಕಡೆಗೆ ಬಂದವನಿಗೆ ತಾನು ಬೇರೊಂದು ಸನ್ನಿಧಿಗೆ ಬಂದಿದ್ದೇನೆಂದು ಅವು ತಿಳಿಸದೆ ಬಿಡುವುದಿಲ್ಲ. ಫೋನಿನ ದೋಷ ಅದರಲ್ಲಿ ಅನೇಕ ಕೆಲಸಗಳಿರುವುದಲ್ಲ, ಒಂದು ಕೆಲಸದಿಂದ ಇನ್ನೊಂದಕ್ಕೆ ದಾಟುವಾಗ ಹೊಸ್ತಿಲೇ ಇಲ್ಲದಿರುವುದು. ಆ ಹೊಸ್ತಿಲನ್ನು ಬಳಸುವವನೇ ಕಟ್ಟಿಕೊಳ್ಳಬೇಕಾಗುತ್ತದೆ.

ಹೊಸ್ತಿಲು ಏಕೆ ಬೇಕೆಂಬುದನ್ನು ನ್ಯಾಯ ದರ್ಶನ ಮನಸ್ಸಿನ ಸ್ವರೂಪದಿಂದಲೇ ವಿವರಿಸುತ್ತದೆ. ಆ ದರ್ಶನದಲ್ಲಿ ಮನಸ್ಸು ಅಣುವಿನಷ್ಟು ಚಿಕ್ಕದು. ಅದು ಒಂದು ಕ್ಷಣದಲ್ಲಿ ಒಂದೇ ಇಂದ್ರಿಯದೊಡನೆ ಕೂಡಬಲ್ಲುದಾದ್ದರಿಂದ ಎರಡು ಜ್ಞಾನಗಳು ಒಟ್ಟಿಗೆ ಹುಟ್ಟುವುದಿಲ್ಲ. ಎರಡನ್ನೂ ಏಕಕಾಲದಲ್ಲಿ ನೋಡಿದೆನೆಂದು ಅನಿಸುವುದು, ತಿರುಗಿಸಿದ ಕೊಳ್ಳಿ ಬೆಂಕಿಯ ಚಕ್ರದಂತೆ ಕಾಣುವ ಹಾಗೆ, ವೇಗದಿಂದ ಹುಟ್ಟಿದ ಭ್ರಮೆ ಎಂದು ಗೌತಮನ ನ್ಯಾಯಸೂತ್ರ ಹೇಳುತ್ತದೆ. ರಸ್ತೆಯನ್ನೂ ಪರದೆಯನ್ನೂ ಒಟ್ಟಿಗೆ ನೋಡಬಲ್ಲೆನೆನ್ನುವ ಸವಾರ ನಂಬಿರುವುದು ಈ ಚಕ್ರವನ್ನು. ಗಂಟೆಗೆ 25 ಕಿ.ಮೀ. ವೇಗದಲ್ಲಿರುವ ಸೈಕಲ್ ಸೆಕೆಂಡಿಗೆ ಸುಮಾರು 7 ಮೀಟರ್ ಸಾಗುತ್ತದೆ. ಒಂದು ಸಂದೇಶವನ್ನು ಓದಲು ಎರಡು ಸೆಕೆಂಡ್ ಕಣ್ಣು ತಗ್ಗಿಸಿದರೆ 14 ಮೀಟರ್ ರಸ್ತೆ ನೋಡದೆಯೇ ಕಳೆದಿರುತ್ತದೆ. ಮುನಿಗಳ ಈರ್ಯಾಸಮಿತಿ, ಅಂದರೆ ನಡೆಯುವಾಗಿನ ಎಚ್ಚರ, ಹಗಲಿನಲ್ಲಿ ಮಾತ್ರ, ಜನ ಓಡಾಡಿದ ದಾರಿಯಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಹೆಜ್ಜೆಯಿಡಬೇಕೆಂದು ವಿಧಿಸುತ್ತದೆ. ಆ ನಾಲ್ಕು ಮೊಳವನ್ನು ಸೈಕಲ್ ಕಾಲು ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಮುನಿಯ ಎಚ್ಚರ ಇರುವೆಯ ಜೀವಕ್ಕಾಗಿ. ಸವಾರನ ಎಚ್ಚರ ರಸ್ತೆಗೆ ಅಡ್ಡ ಬರುವ ಮಗುವಿಗಾಗಿ, ಕರುವಿಗಾಗಿ, ತನಗಾಗಿ. ಎರಡನ್ನೂ ಅಹಿಂಸೆಯೆಂದು ಕರೆಯುವುದರಲ್ಲಿ ಉತ್ಪ್ರೇಕ್ಷೆಯಿಲ್ಲ.

ಒಂದೇ ಕೆಲಸದ ಸಾಧನ ತಾನಾಗಿ ಮೋಹದಿಂದ ಮುಕ್ತವೆಂಬ ಭಾವನೆಯನ್ನೂ ಇಲ್ಲಿ ಪರೀಕ್ಷಿಸಬೇಕು. ಈಗಿನ ಹೆಚ್ಚಿನ ಸೈಕ್ಲಿಂಗ್ ಕಂಪ್ಯೂಟರುಗಳನ್ನು ಫೋನಿಗೆ ಜೋಡಿಸಿದರೆ ಕರೆ, ಸಂದೇಶಗಳು ಅವುಗಳ ಮೇಲೂ ಮೂಡುತ್ತವೆ. ಅದಕ್ಕಿಂತ ಆಳವಾದ ತೊಡಕು ಅಂಕಿಗಳದು. 2009ರಲ್ಲಿ ಆರಂಭವಾದ ಸ್ಟ್ರಾವಾದಂಥ ಸೇವೆಗಳು ಪ್ರತಿ ಏರುದಾರಿಗೂ ವೇಗದ ಪಟ್ಟಿಯನ್ನಿಟ್ಟಿವೆ; ಸವಾರಿಯ ದಾಖಲೆ ಫೋನಿನಿಂದ ಹೋದರೂ ಕಂಪ್ಯೂಟರಿನಿಂದ ಹೋದರೂ ಸೇರುವುದು ಅದೇ ಪಟ್ಟಿಗೆ, ಕೆರಳುವುದು ಅದೇ ಮಾನ. ಮಾನವೆಂದರೆ ಜೈನರು ಹೇಳುವ ನಾಲ್ಕು ಕಷಾಯಗಳಲ್ಲಿ, ಆತ್ಮಕ್ಕೆ ಕಲೆ ಹಚ್ಚುವ ವಿಕಾರಗಳಲ್ಲಿ, ಒಂದಾದ ಅಹಂಕಾರ. ಚಾವುಂಡರಾಯನು 981ರ ಸುಮಾರಿಗೆ ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ನಿಲ್ಲಿಸಿದ ಬಾಹುಬಲಿಯ ಮೂರ್ತಿಯಲ್ಲಿ ಬಳ್ಳಿ ತೊಡೆಯನ್ನು ಸುತ್ತಿ ತೋಳಿನವರೆಗೆ ಹಬ್ಬಿದೆ, ಕಾಲಬಳಿ ಹುತ್ತವೆದ್ದು ಹಾವುಗಳು ಇಣುಕಿವೆ. ರಾಜ್ಯವನ್ನೂ ಬಟ್ಟೆಯನ್ನೂ ಬಿಟ್ಟು ಒಂದು ವರ್ಷ ಅಲುಗದೆ ನಿಂತವನಿಗೂ, ಜನರಲ್ಲಿ ಪ್ರಚಲಿತವಾದ ಕಥೆಯಂತೆ, ತಾನು ನಿಂತ ನೆಲ ಅಣ್ಣ ಭರತನದು ಎಂಬ ಶಲ್ಯ, ಒಳಗೆ ಮುರಿದುಕೊಂಡ ಮುಳ್ಳಿನಂಥ ಚಿಂತೆ, ಉಳಿದಿತ್ತು. ಅದು ಕರಗುವವರೆಗೆ ಕೇವಲಜ್ಞಾನ, ಅಂದರೆ ಪರಿಪೂರ್ಣ ಜ್ಞಾನ, ದೊರೆಯಲಿಲ್ಲ. ಹೊರಗಿನದನ್ನೆಲ್ಲ ಬಿಟ್ಟ ಮೇಲೂ ಮುಳ್ಳು ಉಳಿಯಬಹುದಾದರೆ, ಫೋನ್ ಬಿಟ್ಟು ಕಂಪ್ಯೂಟರ್ ಹಿಡಿದ ಮಾತ್ರಕ್ಕೆ ಮನಸ್ಸು ಹದಕ್ಕೆ ಬಂತೆಂದು ಯಾರೂ ನೆಮ್ಮದಿಪಡುವಂತಿಲ್ಲ.

ಆದರೂ ಮೂರ್ಛೆ ಒಳಗಿನದು, ಆದ್ದರಿಂದ ಹೊರಗಿನ ವಸ್ತು ಯಾವುದಾದರೇನು ಎಂಬ ತೀರ್ಮಾನವೂ ಸಲ್ಲದು; ಹಾಗಿದ್ದರೆ ಮುನಿಗಳಿಗೆ ಮೂರೇ ಉಪಕರಣಗಳೆಂಬ ಕಟ್ಟು ಬೇಕಾಗುತ್ತಿರಲಿಲ್ಲ. ಒಳಗಿನ ದೌರ್ಬಲ್ಯವನ್ನು ಬಲ್ಲ ಆಚಾರ್ಯರು ಹೊರಗೆ ಕಟ್ಟಳೆಯನ್ನಿಟ್ಟರು. ಅದೇ ನ್ಯಾಯದಿಂದ, ಊರಿನ ಸುತ್ತಮುತ್ತ, ದೊಡ್ಡಗದ್ದವಳ್ಳಿಯಷ್ಟು ದೂರ, ಎಂದರೆ ಹಾಸನದಿಂದ 20 ಕಿ.ಮೀ. ಆಸುಪಾಸು, ಹೋಗಿಬರುವ ಸವಾರನಿಗೆ ಹೊಸ ಯಂತ್ರದ ಅಗತ್ಯವಿಲ್ಲ. ಫೋನಿನ ಆ್ಯಪನ್ನು ಚಾಲೂ ಮಾಡಿ, ಸಂದೇಶಗಳ ಸದ್ದಡಗಿಸಿ, ಬೆನ್ನ ಹಿಂದಿನ ಜೇಬಿಗೆ ಸೇರಿಸಿದರೆ ಪರದೆ ಕಣ್ಣಿಗೆ ಬೀಳದೆಯೂ ದಾಖಲೆ ಪೂರ್ಣವಾಗಿ ಉಳಿಯುತ್ತದೆ. ಇಡೀ ದಿನ ಅಥವಾ ರಾತ್ರಿಯೂ ಸೇರಿ ಸವಾರಿ ಮಾಡುವವನಿಗೆ, ಅರಿಯದ ದಾರಿಯಲ್ಲಿ ತಿರುವುಗಳನ್ನು ನೋಡಿಕೊಳ್ಳಬೇಕಾದವನಿಗೆ ಪ್ರತ್ಯೇಕ ಕಂಪ್ಯೂಟರ್ ನಿಜವಾದ ಉಪಕರಣ. ಆದರೆ ಅದಕ್ಕೆ ಫೋನಿನ ಸಂದೇಶಗಳು ಬರದಂತೆ ಮಾಡಿದ ಮೇಲೆಯೇ ಅದು ಉಪಕರಣ. ಈ ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ, ಕರೆ ಮತ್ತು ಸಂದೇಶಗಳಿಗೆ ತೆರೆದಿಟ್ಟ ಪರದೆಗೆ ಚಲಿಸುತ್ತಿರುವ ಸೈಕಲ್ಲಿನ ಹ್ಯಾಂಡಲ್ ಮೇಲೆ ಜಾಗ ಕೊಡಬಾರದು.